ಮೂರು ಗೀಟು

ನಮ್ಮ ಮನೆಗೂ ಮೇಷ್ಟ್ರ ಮನೆಗೂ ನಡುವೆ ಇರೋದು ಎದೆಮಟ್ಟದ ಒಂದು ಕಾಂಪೌಂಡು. ಕರಿಬೇವಿನ ಗಿಡ ಅವರದು, ಸೊಪ್ಪು ನಮ್ಮದು. ದಾಸವಾಳದ ಗಿಡ ನಮ್ಮದು, ಹೂವು ಅವರದು. ಈ ಕೊಡುಕೊಳ್ಳುವಿಕೆಗೆ ಹದಿನೆಂಟು ವರ್ಷದಿಂದ ಯಾರೂ ಲೆಕ್ಕ ಇಟ್ಟಿಲ್ಲ. ಬೆಳಿಗ್ಗೆ ಆರೂವರೆಗೆ ಅವರು ಹೂವಿಗೆ ಕೈ ಚಾಚೋದು, ನಾನು ಕಾಫಿ ಲೋಟ ಹಿಡಿದು ಗೋಡೆಗೆ ಒರಗೋದು. ಕುವೆಂಪುನಗರದ ನಮ್ಮ ಅಡ್ಡರಸ್ತೆಯಲ್ಲಿ ಹಾಲಿನವನು ಹೊತ್ತು ನೋಡಿಕೊಳ್ಳೋದು ನಮ್ಮಿಬ್ಬರನ್ನು ನೋಡಿ.

ಅವತ್ತು ನಾನು ಎದ್ದಿದ್ದೇ ಏಳೂಮುಕ್ಕಾಲಿಗೆ. ಮೇಷ್ಟ್ರು ಹೂವು ಕಿತ್ತು, ಪೂಜೆ ಮುಗಿಸಿ, ಮತ್ತೆ ಬಂದು ಗೋಡೆ ಪಕ್ಕ ಕಾದಿದ್ದರು. ಕೈಯಲ್ಲಿ ಕೆಂಪು ದಾರ ಕಟ್ಟಿದ ಒಂದು ಪೆನ್‌ಡ್ರೈವು.

"ಏನಯ್ಯಾ, ಹೂವು ಕಿತ್ತದ್ದು ನಾನು, ದಾಸವಾಳ ಆಗಿರೋದು ನಿನ್ನ ಕಣ್ಣು?"

"ಮಲಗಿದಾಗ ಮೂರು ಗಂಟೆ ಮೇಷ್ಟ್ರೇ. ಒಂದು ಡಿಸ್ಕ್ ಬರಬೇಕಿತ್ತು, ಬರಲೇ ಇಲ್ಲ."

ಒಳಗಿಂದ ಅವರ ಮನೆಯವರ ದನಿ: "ಯಾರಿಗಂತೆ ಡಿಸ್ಕು? ನನ್ನ ಹಾಗೆ ಎಲ್ ಫೋರ್, ಎಲ್ ಫೈವಾ? ಬಗ್ಗಬೇಡ ಅಂತ ಹೇಳಿ ಅವನಿಗೆ."

ಬೆನ್ನಿನದಲ್ಲ, ಕಂಪ್ಯೂಟರಿನದು ಅಂತ ಅವರಿಗೆ ತಿಳಿಸುವಷ್ಟರಲ್ಲಿ ನನ್ನ ಕಾಫಿ ಆರಿತ್ತು. ಮೇಷ್ಟ್ರು ಮಾತ್ರ ಪಟ್ಟು ಬಿಡಲಿಲ್ಲ. "ನನ್ನದೂ ಅದೇ ತಾಪತ್ರಯ ಕಣಯ್ಯಾ. ಈ ಪೆನ್‌ಡ್ರೈವ್ ಹಾಕಿದರೆ ಠಣಕ್ ಅಂತ ಸದ್ದೇನೋ ಬರುತ್ತೆ, ಆದರೆ ಆಸಾಮಿ ಕಾಣಿಸೋಲ್ಲ. ನೀನು ಓದಿದವನು. ಬಂದೋರು ಬಂದಿದ್ದಾರೆ ಅಂತ ಈ ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ? ಮೊದಲು ಅದು ಹೇಳು."

ಮೂವತ್ತು ವರ್ಷ ಪಾಠ ಮಾಡಿದವರ ಪ್ರಶ್ನೆ ಹೀಗೇ ಇರುತ್ತೆ. ನಮ್ಮ ಕಸುಬಿನಲ್ಲಿ ಇರೋರು ಇದನ್ನು ಕೇಳೋದೇ ಇಲ್ಲ. ಬಂದರೆ ಕೆಲಸ ಮುಂದುವರಿಸ್ತೀವಿ, ಬರದಿದ್ದರೆ ಬೈಕೋತೀವಿ. ನಾನು ನನ್ನ ರಾತ್ರಿಯಿಂದಲೇ ಶುರು ಮಾಡಿದೆ.

ನಾನು ನೋಡಿಕೊಳ್ಳೋ ಸರ್ವರ್ ಒಂದರಲ್ಲಿ ಜಾಗ ಮುಗೀತಾ ಬಂದಿತ್ತು. ಶೇಕಡ 96 ತುಂಬಿದೆ, ತಿಂಗಳ ಕೊನೆಯ ಲೆಕ್ಕ ನಡೀತಾ ಇದೆ, ಅರ್ಧ ರಾತ್ರಿ. ಅದು ನಿಜವಾದ ಪೆಟ್ಟಿಗೆಯೂ ಅಲ್ಲ. ದೊಡ್ಡ ಯಂತ್ರವೊಂದರ ಒಳಗೆ ಪಾಲು ಮಾಡಿಕೊಟ್ಟಿರುವ ವರ್ಚುವಲ್ ಮಷೀನು. ವಠಾರದ ಮನೆ ಇದ್ದ ಹಾಗೆ. ವಠಾರದ ಯಜಮಾನಿಕೆ ನೋಡಿಕೊಳ್ಳೋ ಹುಡುಗ ಬೇರೆ ಊರಲ್ಲಿ ಕೂತಿರ್ತಾನೆ. ಅವನಿಗೆ ಫೋನು ಮಾಡಿ, ಓಡ್ತಾ ಇರುವಾಗಲೇ ಒಂದು ನೂರು ಜಿಬಿ ಡಿಸ್ಕ್ ಸೇರಿಸಪ್ಪಾ ಅಂದೆ.

"ಕೊಟ್ಟಿದ್ದೀನಿ ಸಾರ್."

"ಬಂದಿಲ್ಲವಲ್ಲ."

"ನನ್ನ ಕಡೆ ತೋರಿಸ್ತಿದೆ ಸಾರ್."

"ನನ್ನ ಕಡೆ ಇಲ್ಲ ಕಣಪ್ಪಾ."

"ಹಂಗಾದರೆ ರೀಬೂಟ್ ಮಾಡಿಬಿಡಿ ಸಾರ್, ಬರುತ್ತೆ."

ಇದನ್ನು ಕೇಳಿದಾಗ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ. ರೀಬೂಟ್ ಮಾಡಿದರೆ ಬರುತ್ತೆ, ಸುಳ್ಳಲ್ಲ. ಸರ್ವರಿನಲ್ಲಿರೋ ಲಿನಕ್ಸ್ ಏಳುವಾಗ ಇರೋ ಬಾಗಿಲನ್ನೆಲ್ಲ ತಟ್ಟಿ, ಯಾರಿದ್ದಾರೆ ಯಾರಿಲ್ಲ ಅಂತ ಪಟ್ಟಿ ಬರೆದುಕೊಳ್ಳುತ್ತೆ. ಆದರೆ ಒಬ್ಬ ನೆಂಟ ಬಂದ ಅಂತ ತಿಳಿಯೋದಕ್ಕೆ ಮನೆಯವರನ್ನೆಲ್ಲ ಆಚೆ ಕಳಿಸಿ, ದೀಪ ಆರಿಸಿ, ಮತ್ತೆ ಹೊಸದಾಗಿ ಗೃಹಪ್ರವೇಶ ಮಾಡ್ತಾರೆಯೇ?

"ಮತ್ತೆ ಏಳುವಾಗ ಬರೆದುಕೊಂಡಿದ್ದೇ ಪಟ್ಟಿಯೋ?" ಅಂದರು ಮೇಷ್ಟ್ರು.

ಅದೇ ಸಂಗತಿ. ಈ ಬಗೆಯ ಡಿಸ್ಕು ತಾನಾಗಿ ಬಾಗಿಲು ತಟ್ಟೋದಿಲ್ಲ. ಡಿಸ್ಕುಗಳನ್ನು ಜೋಡಿಸೋ ಹಳೇ ಕಾಲದ ಸ್ಕಸಿ ಪದ್ಧತಿಯಲ್ಲಿ ಬೆಳೆದು ಬಂದ ಮರ್ಯಾದೆ ಅದು: ಕೇಳಿದರೆ ಉತ್ತರ, ಕೇಳದಿದ್ದರೆ ಮೌನ. ಕೆಲವು ಬಾರಿ ಒಳಗಿನಿಂದ ಒಂದು ಸಣ್ಣ ಸೂಚನೆ ಬರುತ್ತೆ, ಪಟ್ಟಿ ಬದಲಾಗಿದೆ ಅಂತ. ಲಿನಕ್ಸ್ ಅದನ್ನು ಲಾಗ್‌ನಲ್ಲಿ ಬರೆದುಕೊಂಡು, ಹಾಗಂತ ನಾನಾಗಿ ನಾನು ಏನನ್ನೂ ಬದಲಾಯಿಸೋದಿಲ್ಲ ಅಂತ ಅದೇ ಸಾಲಿನಲ್ಲಿ ಷರಾ ಹಾಕಿಬಿಡುತ್ತೆ. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. "ಡಿಡಿಪಿಐ ಆಫೀಸು ಕಣಯ್ಯಾ! ‘ತಮ್ಮ ಪತ್ರ ತಲುಪಿದೆ’ ಅಂತ ಬರೀತಾರೆ, ಆಮೇಲೆ ಏನೂ ಮಾಡೋಲ್ಲ."

ಆದ್ದರಿಂದ ನಾವೇ ಹೋಗಿ, ಒಂದು ಸುತ್ತು ಹೋಗಿಬಾರಪ್ಪಾ ಅನ್ನಬೇಕು. ಅದಕ್ಕೆ ಒಂದು ಜಾಗ ಇದೆ. ‘ಸಿಸ್’ ಅನ್ನೋ ಡೈರೆಕ್ಟರಿ, ಅದರೊಳಗೆ ‘ಕ್ಲಾಸ್’, ಅದರೊಳಗೆ ‘ಸ್ಕಸಿ ಹೋಸ್ಟ್’, ಅಲ್ಲಿ ಹೋಸ್ಟ್ 0, ಹೋಸ್ಟ್ 1, ಹೋಸ್ಟ್ 2 ಅಂತ ಸಾಲು. ಒಂದೊಂದರಲ್ಲೂ ‘ಸ್ಕ್ಯಾನ್’ ಅನ್ನೋ ಒಂದು ಫೈಲು. ಹೆಸರಿಗೆ ಫೈಲು, ಅದನ್ನು ಓದೋ ಹಾಗಿಲ್ಲ, ಬರೆಯೋಕೆ ಮಾತ್ರ. ಕಚೇರಿ ಗೋಡೆಗೆ ನೇತುಹಾಕಿರೋ ದೂರು ಪೆಟ್ಟಿಗೆ ಥರ. ಅದಕ್ಕೆ ಏನು ಬರೆದು ಹಾಕಬೇಕು ಅಂದರೆ, ಮೂರು ಗೀಟು. ನಡುವೆ ಒಂದೊಂದು ಜಾಗ ಬಿಟ್ಟು.

ಹಾಲಿನ ಲೆಕ್ಕ ಬರೆದಿದ್ದ ಚೀಟಿ ಜೇಬಲ್ಲಿತ್ತು. ಅದರ ಬೆನ್ನಿಗೆ ಬರೆದು ತೋರಿಸಿದೆ: - - -

ಮೇಷ್ಟ್ರು ಕನ್ನಡಕ ಮೇಲೇರಿಸಿ ನೋಡಿದರು. "ಇದು ‘ಬಿಟ್ಟ ಸ್ಥಳ ತುಂಬಿರಿ’ ಅಲ್ವೇನಯ್ಯಾ? ಮೂರು ಅಂಕದ್ದು."

ಹದಿನೈದು ವರ್ಷದಿಂದ ಈ ಮೂರು ಗೀಟು ಟೈಪ್ ಮಾಡ್ತಾ ಇದ್ದೀನಿ, ನನಗೆ ಹೊಳೆದಿರಲಿಲ್ಲ. ನಿಜಕ್ಕೂ ಅದು ಬಿಟ್ಟ ಸ್ಥಳವೇ. ಮೊದಲನೇದು ಚಾನೆಲ್, ಎರಡನೇದು ಟಾರ್ಗೆಟ್, ಮೂರನೇದು ಲನ್. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬೀದಿ, ಮನೆ, ಕೋಣೆ. ಯಾವ ಬೀದಿ ಅಂತ ಗೊತ್ತಿದ್ದರೆ ಅಂಕಿ ಬರೀಬಹುದು. ಗೀಟು ಎಳೆದರೆ ‘ಯಾವುದಾದರೂ ಸರಿ, ಎಲ್ಲ ಕಡೆ ನೋಡು’ ಅಂತ. ಗೀಟುಗಳ ನಡುವೆ ಜಾಗ ಬಿಡದೆ ಒಟ್ಟಿಗೆ ಅಂಟಿಸಿದರೆ ಲಿನಕ್ಸ್ ತಿರಸ್ಕರಿಸುತ್ತೆ, ಅಮಾನ್ಯ ಅರ್ಜಿ ಅಂತ. ಸರಿಯಾಗಿ ಬರೆದರೆ ಅದು ಪ್ರತಿ ಬಾಗಿಲಿಗೂ ಹೋಗಿ ‘ಇನ್‌ಕ್ವೈರಿ’ ಅನ್ನೋ ಒಂದು ಪ್ರಶ್ನೆ ಕೇಳುತ್ತೆ. ಒಳಗೆ ಯಾರಾದರೂ ಇದ್ದರೆ ತಯಾರಕನ ಹೆಸರು 8 ಅಕ್ಷರದಲ್ಲಿ, ತನ್ನ ಹೆಸರು 16 ಅಕ್ಷರದಲ್ಲಿ, ಎಷ್ಟನೇ ಆವೃತ್ತಿ ಅನ್ನೋದು 4 ಅಕ್ಷರದಲ್ಲಿ ಹೇಳಬೇಕು. ಹೆಚ್ಚು ಮಾತಿಲ್ಲ.

"ಅಯ್ಯೋ, ಇದು ನಾನು ಮಾಡಿದ ಕೆಲಸ!" ಅಂತ ಮೇಷ್ಟ್ರು ಗೋಡೆ ಮೇಲೆ ಕೈ ಬಡಿದರು. "ಜನಗಣತಿ! 1991ರಲ್ಲಿ ನಂಜನಗೂಡಿನ ಕಡೆ ಹಳ್ಳಿಯಲ್ಲಿದ್ದೆನಲ್ಲ, ಆಗ ಎನ್ಯೂಮರೇಟರು ನಾನು. ಫೆಬ್ರವರಿ 9ರಿಂದ 28ರವರೆಗೆ ಮನೆಮನೆ ಸುತ್ತಿದ್ದೀನಿ. ನಾಯಿ ಕಡಿಸಿಕೊಂಡಿದ್ದೀನಿ."

ಎನ್ಯೂಮರೇಟರ್ ಅನ್ನೋ ಪದ ಅವರ ಬಾಯಿಂದ ಬಂದಿದ್ದು ನೋಡಿ ನನಗೆ ಮೈ ಜುಂ ಅಂತು. ಯುಎಸ್‌ಬಿಯವರು ಹೊಸ ಸಾಧನವನ್ನು ಗುರುತು ಹಿಡಿಯೋ ಕೆಲಸಕ್ಕೆ ಇಟ್ಟಿರೋ ಹೆಸರೂ ಅದೇ, ಎನ್ಯೂಮರೇಷನ್. ಅವರಿಗೆ ಹೇಳಿದೆ. ಅವರು ಕೇಳಿಸಿಕೊಳ್ಳೋ ಸ್ಥಿತಿಯಲ್ಲಿ ಇರಲಿಲ್ಲ.

"ಇಪ್ಪತ್ತೆಂಟಕ್ಕೆ ಮುಗೀತು ಅಂದುಕೋಬೇಡ. ಲೆಕ್ಕ ಯಾವ ಹೊತ್ತಿಗೆ ಹಿಡೀಬೇಕು ಗೊತ್ತಾ? ಮಾರ್ಚ್ 1ರ ಸೂರ್ಯೋದಯಕ್ಕೆ. ನಾನು ಒಂಬತ್ತನೇ ತಾರೀಕು ಹೋದ ಮನೆಯಲ್ಲಿ ಇಪ್ಪತ್ತಕ್ಕೆ ಮಗು ಹುಟ್ಟಿದ್ದರೆ? ಮುದುಕ ಹೋಗಿದ್ದರೆ? ಅದಕ್ಕೇ 1ರಿಂದ 5ರವರೆಗೆ ಪರಿಷ್ಕರಣೆ ಸುತ್ತು ಅಂತ ಇನ್ನೊಂದು ಸಲ ಎಲ್ಲ ಮನೆಗೂ ಹೋಗಬೇಕು. ಒಂದು ಮನೆಯಲ್ಲಿ ನಾನು ಮೊದಲು ಹೋದಾಗ ಅಜ್ಜಿ ಮಜ್ಜಿಗೆ ಕೊಟ್ಟಿದ್ದಳು. ಎರಡನೇ ಸಲ ಹೋದಾಗ ಅವಳ ಹೆಸರಿನ ಮೇಲೆ ಗೀಟು ಎಳೆದು ಬಂದೆ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಕರಿಬೇವಿನ ಗಿಡದಲ್ಲಿ ಅಳಿಲು ಓಡಾಡ್ತಾ ಇತ್ತು.

"ಸರಿ, ಮೂರು ಗೀಟು ಎಳೆದ ಮೇಲೆ ನಿನ್ನ ಡಿಸ್ಕು ಬಂತೋ?"

ಬರಲಿಲ್ಲ ಅನ್ನೋದೇ ಕಥೆ. ಹೋಸ್ಟ್ 0ಕ್ಕೆ ಬರೆದೆ, 1ಕ್ಕೆ ಬರೆದೆ, 2ಕ್ಕೆ ಬರೆದೆ. ಪ್ರತಿ ಸಲವೂ ‘ಎಲ್‌ಎಸ್‌ಬಿಎಲ್‌ಕೆ’ ಅಂತ ಹೊಡೆದು ಪಟ್ಟಿ ನೋಡೋದು. ಎಸ್‌ಡಿಎ, ಅದರ ಕೆಳಗೆ ಎಸ್‌ಡಿಎ 1, ಎಸ್‌ಡಿಎ 2, ಕೊನೆಯಲ್ಲಿ ಯಾರೂ ಬಳಸದ ಸಿಡಿ ಡ್ರೈವು. ಹೊಸ ಡಿಸ್ಕಿಗೆ ಬರಬೇಕಿದ್ದ ಹೆಸರು ಎಸ್‌ಡಿಬಿ, ಅದೇ ಇಲ್ಲ. ರಾತ್ರಿ ಎರಡೂವರೆವರೆಗೂ ಇದೇ. ಕೊನೆಗೆ ನಿನ್ನ ಪರದೆಯ ಚಿತ್ರ ಕಳಿಸು ಅಂದೆ. ನೋಡ್ತೀನಿ, ನನ್ನ ಮಷೀನಿನ ಹೆಸರಿನ ಕೊನೆಗೆ ಸೊನ್ನೆ ಒಂದು, 01. ಅವನು ಡಿಸ್ಕ್ ಕೊಟ್ಟಿರೋದು ಒಂದು ಸೊನ್ನೆಗೆ, 10ಕ್ಕೆ! ಬಂದ ನೆಂಟ ಪಕ್ಕದ ಮನೆ ಜಗುಲಿ ಮೇಲೆ ಕೂತಿದ್ದಾನೆ, ನಾನು ನನ್ನ ಮನೆ ಕೋಣೆ ಕೋಣೆ ಹುಡುಕ್ತಾ ಇದ್ದೀನಿ.

"ಓ, ಸಾರಿ ಸಾರ್" ಅಂದ. ಅದು ಅಲ್ಲೇ ಇರಲಿ, ಆಮೇಲೆ ತೆಗೀತೀನಿ ಅಂತ ನನ್ನದಕ್ಕೆ ಇನ್ನೊಂದು ಕೊಟ್ಟ. ಹೋಸ್ಟ್ 2ಕ್ಕೆ ಮೂರು ಗೀಟು ಬರೆದು ಎಂಟರ್ ಒತ್ತಿದೆ. ಕಣ್ಣು ಮಿಟುಕಿಸೋ ಅಷ್ಟರಲ್ಲಿ ಎಸ್‌ಡಿಬಿ, 100ಜಿ. ಇಷ್ಟು ಬೇಗ ಬರೋದಕ್ಕೆ ಇಷ್ಟು ಹೊತ್ತು.

ಈಗ ಮೇಷ್ಟ್ರ ಪೆನ್‌ಡ್ರೈವು ನನ್ನ ಕೈಗೆ ಬಂತು. ಇದರ ಜಾತಿಯೇ ಬೇರೆ. ಇದು ಕೂಗಿ ಕರೆಯೋವರೆಗೆ ಕಾಯೋದಿಲ್ಲ, ಬಂದ ಕೂಡಲೇ ಗಂಟೆ ಬಾರಿಸುತ್ತೆ. ಗಂಟೆ ಎಲ್ಲಿದೆ ತೋರಿಸು ಅಂದರು ಮೇಷ್ಟ್ರು. ಒಳಗೆ ಹೋಗಿ ಪಂಚಾಂಗ ಓದೋ ಭೂತಗನ್ನಡಿ ತಂದರು. ಗೋಡೆ ಮೇಲೆ ಬಿಸಿಲು ಬೀಳ್ತಾ ಇತ್ತು. ಪೆನ್‌ಡ್ರೈವಿನ ಮುಚ್ಚಳ ತೆಗೆದು, ಬಾಯಿ ಮೇಲೆ ಮಾಡಿ ಹಿಡಿದೆ.

ಒಳಗೆ ನಾಲ್ಕು ಚಿನ್ನದ ಬಣ್ಣದ ಪಟ್ಟಿ. "ನಾಲ್ಕೂ ಒಂದೇ ಉದ್ದವಾ, ನೋಡಿ ಹೇಳಿ." ಮೇಷ್ಟ್ರು ಗಾಜನ್ನು ಹಿಂದೆ ಮುಂದೆ ಮಾಡಿದರು. "ಅಂಚಿನವು ಎರಡು ಉದ್ದ. ನಡುವಿನವು ಒಂದು ಚೂರು ಗಿಡ್ಡ." ಅಷ್ಟೇ. ಅಂಚಿನ ಎರಡು ವಿದ್ಯುತ್ತಿನವು, ನಡುವಿನ ಎರಡು ಮಾತಿನವು. ತುರುಕುವಾಗ ಉದ್ದದವು ಮೊದಲು ಮುಟ್ಟುತ್ತವೆ. ಅಂದರೆ ಮೊದಲು ಊಟ, ಆಮೇಲೆ ಮಾತು. ಕೀಳುವಾಗ ತಿರುಗುಮುರುಗು, ಮೊದಲು ಮಾತು ನಿಲ್ಲುತ್ತೆ, ಆಮೇಲೆ ಊಟ. ಓಡುತ್ತಿರೋ ಯಂತ್ರಕ್ಕೆ ಧೈರ್ಯವಾಗಿ ಚುಚ್ಚಬಹುದು ಅನ್ನೋದರ ಹಿಂದೆ ಈ ಒಂದು ಚೂರು ಉದ್ದದ ವ್ಯತ್ಯಾಸವೂ ಇದೆ. ಹಿಂದೆ ಹಾರ್ಡ್‌ಡಿಸ್ಕಿಗೆ ಅಗಲವಾದ ಬೂದು ರಿಬ್ಬನ್ ಕೇಬಲ್ ಬರ್ತಿತ್ತಲ್ಲ, 40 ಪಿನ್ನಿನದು, ಅದನ್ನು ಯಂತ್ರ ಓಡುವಾಗ ಮುಟ್ಟೋಕೇ ಭಯ.

ಗಂಟೆ ಅಂದೆನಲ್ಲ, ಅದು ಒಳಗಿನ ಸಣ್ಣದೊಂದು ರೆಸಿಸ್ಟರು. ಕಂಪ್ಯೂಟರಿನ ಕಡೆ ನಡುವಿನ ಎರಡೂ ತಂತಿಗಳನ್ನು 15 ಕಿಲೋ ಓಮಿನ ರೆಸಿಸ್ಟರಿನಲ್ಲಿ ನೆಲಕ್ಕೆ ಕಟ್ಟಿಹಾಕಿರ್ತಾರೆ. ಯಾರೂ ಇಲ್ಲದಾಗ ಎರಡೂ ಸೊನ್ನೆಯಲ್ಲಿ ಮಲಗಿರುತ್ತವೆ. ಪೆನ್‌ಡ್ರೈವ್ ಬಂದ ಕೂಡಲೇ ತನ್ನ 1.5 ಕಿಲೋ ಓಮಿನ ರೆಸಿಸ್ಟರಿನಿಂದ ಒಂದು ತಂತಿಯನ್ನು ಮೇಲಕ್ಕೆ ಎಳೆಯುತ್ತೆ. ಹತ್ತು ಪಟ್ಟು ಜೋರಾದ ಎಳೆತ. ತಂತಿ ಮೂರು ವೋಲ್ಟಿನ ಹತ್ತಿರಕ್ಕೆ ಏಳುತ್ತೆ. ಯಾರೋ ಬಂದರು! ಯಾರು, ಏನು, ಯಾವೂರು ಒಂದೂ ಗೊತ್ತಿಲ್ಲ, ಆದರೆ ಬಂದಿದ್ದು ನಿಜ.

ಆದರೂ ಯಂತ್ರ ತಕ್ಷಣ ಬಾಗಿಲು ತೆಗೆಯೋದಿಲ್ಲ. 100 ಮಿಲಿಸೆಕೆಂಡು ಕಾಯುತ್ತೆ. ಯಾಕೆಂದರೆ ಮೇಷ್ಟ್ರ ಥರದವರು ತೂತು ಹುಡುಕ್ತಾ ಕೈ ನಡುಗಿಸ್ತಾ ತುರುಕುವಾಗ ಆ ಪಟ್ಟಿಗಳು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ಮಾಡ್ತವೆ. ಅದಕ್ಕೆಲ್ಲ ಬಾಗಿಲು ತೆಗೆದು ಹಾಕಿ ಮಾಡೋಕಾಗುತ್ತಾ? ಎಳೆತ ಸ್ಥಿರವಾದ ಮೇಲೆ ರೀಸೆಟ್ ಕೊಟ್ಟು, ಸೊನ್ನೆ ಅನ್ನೋ ವಿಳಾಸದಲ್ಲಿ ಮಾತಾಡಿಸುತ್ತೆ. ಹೊಸದಾಗಿ ಬಂದವರಿಗೆಲ್ಲ ಮೊದಲು ಸೊನ್ನೆಯೇ. ನಾಮಕರಣಕ್ಕೆ ಮುಂಚೆ ಎಲ್ಲ ಮಗುವೂ ‘ಕೂಸು’ ಅಲ್ಲವೇ, ಹಾಗೆ. ಆಮೇಲೆ 1ರಿಂದ 127ರೊಳಗೆ ಒಂದು ಅಂಕಿ ಕೊಟ್ಟು ಹೆಸರಿಡುತ್ತೆ. ಒಂದು ಮನೆಯಲ್ಲಿ ಒಂದು ಹೊತ್ತಿಗೆ ಹೆಸರಿಡದ ಕೂಸು ಒಂದೇ ಇರಬೇಕು ಅನ್ನೋದು ನಿಯಮ; ಎರಡಿದ್ದರೆ ‘ಕೂಸೇ’ ಅಂದಾಗ ಎರಡೂ ಅಳುತ್ತವೆ. ಹೆಸರಿಟ್ಟ ಮೇಲೆ ಕುಲಗೋತ್ರದ ವಿಚಾರಣೆ: ತಯಾರಕ ಯಾರು, ಮಾದರಿ ಯಾವುದು, ಕಸುಬು ಏನು. ಕಸುಬಿನ ಕಲಂನಲ್ಲಿ 08 ಅಂತಿದ್ದರೆ ಸಾಮಾನು ಇಡೋ ಉಗ್ರಾಣ, ಮಾಸ್ ಸ್ಟೋರೇಜ್.

ಈ ಯುಎಸ್‌ಬಿ ವ್ಯವಸ್ಥೆಯನ್ನೆಲ್ಲ ಕಟ್ಟಿದವರಲ್ಲಿ ಮುಂದಾಳು ನಮ್ಮ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್, ಇಂಟೆಲ್‌ನಲ್ಲಿ ಇದ್ದವರು. ಮೊದಲ ಆವೃತ್ತಿ 1996ರಲ್ಲಿ ಬಂತು. ಸುಲಭವಾಗಿ ಏನೂ ಬರಲಿಲ್ಲ ಬಿಡಿ. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ, ಬಿಲ್ ಗೇಟ್ಸ್ ವೇದಿಕೆ ಮೇಲೇ ನಿಂತಿದ್ದಾಗ, ಅವರ ಸಹಾಯಕ ವಿಂಡೋಸ್ 98ಕ್ಕೆ ಒಂದು ಸ್ಕ್ಯಾನರ್ ಚುಚ್ಚಿದ. ಪರದೆ ಪೂರ್ತಿ ನೀಲಿ! ಬಂದ ನೆಂಟನನ್ನು ನೋಡಿ ಯಜಮಾನರೇ ಎಚ್ಚರ ತಪ್ಪಿ ಬಿದ್ದ ಹಾಗೆ. ಮೇಷ್ಟ್ರು ಬಿದ್ದೂ ಬಿದ್ದೂ ನಕ್ಕರು. ದೊಡ್ಡವರು ಬೀಳೋದು ಅಂದರೆ ಅವರಿಗೆ ಯಾವಾಗಲೂ ಪ್ರೀತಿ.

ಒಂದು ವಿಚಿತ್ರ ಹೇಳ್ತೀನಿ ಕೇಳಿ. ಹೆಸರು, ಕುಲ, ಕಸುಬು ಎಲ್ಲ ಆದ ಮೇಲೆ ಈ ಪೆನ್‌ಡ್ರೈವ್ ಕಂಪ್ಯೂಟರಿನ ಜೊತೆ ಆಡೋ ಭಾಷೆ ಯಾವುದು ಗೊತ್ತೇ? ಅದೇ ಹಳೇ ಸ್ಕಸಿ. 1986ರಲ್ಲಿ ಮಾನಕವಾದ, ಆಗಿನ ಕಾಲದ ದಪ್ಪ ಕೇಬಲ್ಲಿನ ದೊಡ್ಡ ಡಿಸ್ಕುಗಳಿಗೆ ಮಾಡಿದ ಆಜ್ಞೆಗಳನ್ನೇ ಈ ಬೆರಳುದ್ದದ ಸಾಮಾನೂ ಕಲಿತಿದೆ. ನನ್ನ ಸರ್ವರ್ ಡಿಸ್ಕಿಗೆ ಕೇಳೋ ‘ಇನ್‌ಕ್ವೈರಿ’ಯನ್ನೇ ಇದಕ್ಕೂ ಕೇಳ್ತಾರೆ. ಅದಕ್ಕೇ ಲಿನಕ್ಸಿನಲ್ಲಿ ಇದಕ್ಕೂ ಎಸ್‌ಡಿ ಅಂತಲೇ ಹೆಸರು ಬರೋದು. ಬೈಕಿನಲ್ಲಿ ಬಂದ ಹುಡುಗ, ಬಾಯಿ ಬಿಟ್ಟರೆ ಹಳೇ ಮೈಸೂರಿನ ಅಜ್ಜನ ಮಾತು.

"ಹಾಗಾದರೆ ಗಂಟೆ ಇರೋದೇ ಒಳ್ಳೇದು. ನಿನ್ನ ಸರ್ವರಿಗೂ ಒಂದು ಗಂಟೆ ಕಟ್ಟಿಸಬಾರದೇ?"

ಕಟ್ಟಿದ್ದಾರೆ, ಬೇರೆ ಬೇರೆ ಕಡೆ. ಈಗಿನ ಸಾಟಾ ಡಿಸ್ಕುಗಳು ಸರಿಯಾಗಿ ಹೊಂದಿಸಿಟ್ಟರೆ ಓಡುವಾಗಲೇ ಬರುತ್ತವೆ, ಹೇಳಿ ಬರುತ್ತವೆ. ಆದರೆ ಗಂಟೆ ಕೆಟ್ಟರೆ ಏನಾಗುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೀನಿ. ಇಪ್ಪತ್ತು ದಾಟಿರಲಿಲ್ಲ ನನಗೆ, ಒಂದು ಡಿಟಿಪಿ ಅಂಗಡಿಯಲ್ಲಿ ಸಂಜೆ ಹೊತ್ತು ಕೂರ್ತಾ ಇದ್ದೆ. ಫ್ಲಾಪಿ ಕಾಲ. ಫ್ಲಾಪಿ ಡ್ರೈವಿನ ಕೇಬಲ್ಲಿನಲ್ಲಿ 34ನೇ ತಂತಿ ಒಂದಿತ್ತು, ಅಂಚಿನದು. ಅದರ ಕೆಲಸ ಒಂದೇ: ಫ್ಲಾಪಿ ಬದಲಾಯಿತು ಅಂತ ಹೇಳೋದು. ನಮ್ಮ ಅಂಗಡಿ ಯಂತ್ರದಲ್ಲಿ ಮಡಿಚಿ ಮಡಿಚಿ ಆ ತಂತಿ ಒಳಗೇ ಕಡಿದಿತ್ತು. ಹೊರಗೆ ನೋಡಿದರೆ ಗೊತ್ತಾಗದು.

ಒಂದು ಫ್ಲಾಪಿಯಲ್ಲಿ ಮದುವೆ ಕರೆಯೋಲೆಗಳ ಪಠ್ಯ, ಇನ್ನೊಂದರಲ್ಲಿ ವೈಕುಂಠ ಸಮಾರಾಧನೆಯವು. ಮದುವೆಯದನ್ನು ತೆಗೆದು ಸಮಾರಾಧನೆಯದನ್ನು ಹಾಕಿ ಪಟ್ಟಿ ಕೇಳಿದೆ. ಡಾಸ್ ನಿಸ್ಸಂಕೋಚವಾಗಿ ಮದುವೆಯ ಪಟ್ಟಿಯನ್ನೇ ತೋರಿಸಿತು! ಬದಲಾಗಿದೆ ಅಂತ ಹೇಳೋ ತಂತಿಯೇ ಸತ್ತಿದೆ, ಆದ್ದರಿಂದ ನೆನಪಲ್ಲಿದ್ದದ್ದನ್ನೇ ಒಪ್ಪಿಸಿತು. ನಾನೋ ಫ್ಲಾಪಿ ಬದಲಾಯಿಸೋದು ಮರೆತೆ ಅಂದುಕೊಂಡೆ. ಮದುವೆ ಪಠ್ಯದಲ್ಲಿ ಏನೋ ತಿದ್ದಿ ಉಳಿಸಿಬಿಟ್ಟೆ. ಯಾವ ಕಡತ ಎಲ್ಲಿದೆ ಅನ್ನೋ ಮದುವೆ ಫ್ಲಾಪಿಯ ನಕ್ಷೆ ಹೋಗಿ ಸಮಾರಾಧನೆಯ ಫ್ಲಾಪಿ ಮೇಲೆ ಬರೆದುಕೊಂಡಿತು. ಆಮೇಲೆ ತೆರೆದರೆ ಮೇಲೆ ಶುಭವಿವಾಹ, ಎರಡು ಸಾಲು ದಾಟಿದರೆ ‘ದೈವಾಧೀನರಾದ ಪ್ರಯುಕ್ತ’. ಪ್ರೂಫಿಗೆ ಹೋಗೋ ಮುಂಚೆ ಕಣ್ಣಿಗೆ ಬಿತ್ತು, ಸದ್ಯ. ಆ ಸಮಾರಾಧನೆಗಳನ್ನೆಲ್ಲ ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಿದೆ. ಕೇಬಲ್ ಬದಲಾಯಿಸಿ ಅಂದರೆ ಅಂಗಡಿಯವರು ಅದಕ್ಕೆ ಒಂದು ವಾರ ತಗೊಂಡರು.

ಅವತ್ತಿನಿಂದ ನನಗೆ ಬಂದವರು ಕಾಣದಿದ್ದರೆ ಅಷ್ಟು ದಿಗಿಲಾಗೋದಿಲ್ಲ. ಹೋದವರು ಇನ್ನೂ ಇದ್ದಾರೆ ಅಂತ ಯಂತ್ರ ನಂಬಿಕೊಂಡಿದ್ದರೆ ಎದೆ ಡವಗುಟ್ಟುತ್ತೆ. "ಮತದಾರರ ಪಟ್ಟಿ" ಅಂದರು ಮೇಷ್ಟ್ರು, ಒಂದೇ ಮಾತಲ್ಲಿ.

ಸರಿ, ಅವರ ಮನೆಗೆ ಹೋದೆ. ಗೋಡೆ ಹಾರೋ ವಯಸ್ಸಲ್ಲ, ಗೇಟು ಸುತ್ತಿ ಹೋದೆ. ಅವರ ಯಂತ್ರದಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈ ತೊಳೆದುಕೊಂಡ ಮೇಲೂ ಮೇಷ್ಟ್ರು ಕೈ ಬಿಟ್ಟಿಲ್ಲ. ನುಡಿಯಲ್ಲಿ ಟೈಪ್ ಮಾಡಿದ ಅವರ ಊರಿನ ಚರಿತ್ರೆ ಅದರಲ್ಲೇ ಇದೆ. ಪೆನ್‌ಡ್ರೈವ್ ಚುಚ್ಚಿದೆ. ಠಣಕ್ ಅಂತು. ಮೂಲೆಯಲ್ಲಿ ಹೊಸ ಹಾರ್ಡ್‌ವೇರ್ ಬಂದಿದೆ ಅಂತ ಗುಳ್ಳೆಯೂ ಎದ್ದಿತು. ಮೈ ಕಂಪ್ಯೂಟರ್ ತೆಗೆದರೆ ಸಿ, ಡಿ, ಇ, ಎಫ್. ಎಫ್ ಅಂದರೆ ಅವರ ಮಗ ಮಹಡಿ ಮೇಲಿನ ಕಂಪ್ಯೂಟರಿನ ಫೋಲ್ಡರನ್ನು ಜೋಡಿಸಿಟ್ಟ ನೆಟ್‌ವರ್ಕ್ ಡ್ರೈವು. ಪೆನ್‌ಡ್ರೈವ್ ಇಲ್ಲ.

ಮೈ ಕಂಪ್ಯೂಟರ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಮ್ಯಾನೇಜ್‌ಗೆ ಹೋಗಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದೆ. ಅಲ್ಲಿ ಆರಾಮಾಗಿ ಕೂತಿದೆ, ನೆತ್ತಿ ಮೇಲೆ ಅಕ್ಷರ ಎಫ್! ಡಿಸ್ಕುಗಳಿಗೆ ಅಕ್ಷರ ಹಂಚೋ ಗುಮಾಸ್ತ ಬೇರೆ, ನೆಟ್‌ವರ್ಕ್ ಡ್ರೈವಿಗೆ ಕೊಡೋನು ಬೇರೆ, ಇವನ ಪುಸ್ತಕ ಅವನು ನೋಡೋದಿಲ್ಲ. ಇ ಆದ ಮೇಲೆ ಎಫ್ ಖಾಲಿ ಇದೆ ಅಂತ ಇವನು ಪೆನ್‌ಡ್ರೈವಿಗೆ ಕೊಟ್ಟ. ಆ ಬಾಗಿಲಲ್ಲಿ ಮೊದಲೇ ಮಗನ ಫೋಲ್ಡರು ನಿಂತಿದೆ, ಹಿಂದೆ ಇರೋರು ಕಾಣಲ್ಲ.

"ಹಳೇ ನಂಬರು, ಹೊಸ ನಂಬರು" ಅಂದರು ಮೇಷ್ಟ್ರು. ನಮ್ಮ ರಸ್ತೆಯ ಅರ್ಧ ಕಾಗದಪತ್ರ ಹಾಗೇ ಅಲ್ಲವೇ ಅಲೆಯೋದು. ಪೆನ್‌ಡ್ರೈವಿಗೆ ಪಿ ಅನ್ನೋ ಅಕ್ಷರ ಕೊಟ್ಟೆ. ಬಂತು.

ಬಂದ ತಕ್ಷಣ ಇನ್ನೊಂದು ತಕರಾರು. "ಮೇಲೆ 16 ಜಿಬಿ ಅಂತ ಬರೆದಿದ್ದಾನೆ, ಇಲ್ಲಿ 14.9 ತೋರಿಸ್ತಿದೆ. ತೂಕದಲ್ಲಿ ಮೋಸ!" ಅಂಗಡಿಯವನು ಸಾವಿರದ ಲೆಕ್ಕದಲ್ಲಿ ಅಳೀತಾನೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತೆ, ಅಷ್ಟೇ ಅಂದೆ. ಒಪ್ಪಲಿಲ್ಲ. ಸೇರು ಬೇರೆ ಬೇರೆ ಇಟ್ಟುಕೊಳ್ಳೋದೇ ಮೋಸ ಅಂತ ಅವರ ವಾದ. ನನಗೂ ಪೂರ್ತಿ ಅಲ್ಲಗಳೆಯೋಕೆ ಆಗಲಿಲ್ಲ.

ಪೆನ್‌ಡ್ರೈವಿನಲ್ಲಿದ್ದ ಫೋಟೋ ಎಲ್ಲ ನೋಡಿ ಮುಗಿಸಿ ಮೇಷ್ಟ್ರು ಕೆಂಪು ದಾರ ಹಿಡಿದು ಎಳೆಯೋಕೆ ಹೋದರು. ಕೈ ಹಿಡಿದೆ. ಲಿನಕ್ಸಿನಲ್ಲಂತೂ ನಕಲು ಮುಗೀತು ಅಂದ ಮೇಲೂ ಬರೆಯಬೇಕಾದ್ದು ಅರ್ಧ ನಿಮಿಷದವರೆಗೂ ನೆನಪಿನಲ್ಲೇ ಕೂತಿರಬಹುದು. ಪಾತ್ರೆ ತೊಳೆಯೋರು ಎಲ್ಲ ಸಿಂಕಿನಲ್ಲಿ ಸೇರಿಸಿ ಒಟ್ಟಿಗೆ ತೊಳೀತಾರಲ್ಲ, ಹಾಗೆ. ನಮ್ಮಲ್ಲಿ ನೆಂಟರು ಹೊರಡುವಾಗ ‘ಹೋಗ್ತೀನಿ’ ಅನ್ನೋಲ್ಲ, ‘ಬರ್ತೀನಿ’ ಅಂತಾರೆ. ಅದನ್ನು ಹೇಳದೇ ಎದ್ದು ಹೋದರೆ ಮನೆಯವರು ಎಲೆ ಹಾಕಿ ಕಾಯ್ತಾ ಕೂತಿರ್ತಾರೆ. ಸರ್ವರಿನಲ್ಲಿ ಇದು ಇನ್ನೂ ಕಷ್ಟ. ಮೊದಲು ಡಿಸ್ಕನ್ನು ಅನ್‌ಮೌಂಟ್ ಮಾಡಿ, ಅದರ ‘ಡಿಲೀಟ್’ ಅನ್ನೋ ಫೈಲಿಗೆ 1 ಅಂತ ಬರೆದು, ಆಮೇಲೆ ಆ ಕಡೆಯವನಿಗೆ ಈಗ ತೆಗಿ ಅನ್ನಬೇಕು. ತಿರುವುಮುರುವು ಆದರೆ, ಆ ಡಿಸ್ಕಿಗೆ ಬರೀತಾ ಇದ್ದ ಪ್ರೋಗ್ರಾಮು ಅಲ್ಲೇ ಬಾಯಿ ತೆರೆದು ನಿಂತುಬಿಡಬಹುದು. ಕೊಲ್ಲೋಣ ಅಂದರೂ ಸಾಯೋಲ್ಲ. ಉತ್ತರ ಬರೋವರೆಗೂ ಕದಲೋಲ್ಲ, ಉತ್ತರ ಕೊಡೋನು ಊರಲ್ಲೇ ಇಲ್ಲ.

ಮೇಷ್ಟ್ರು ಶ್ರದ್ಧೆಯಿಂದ ಮೂಲೆಯ ಹಸಿರು ಬಾಣ ಒತ್ತಿ, ತೆಗೆಯಬಹುದು ಅಂತ ಬಂದ ಮೇಲೆ ದಾರ ಎಳೆದರು. "ಬರ್ತೀನಿ ಅಂತು ಕಣಯ್ಯಾ" ಅಂದರು.

ಅಷ್ಟರಲ್ಲಿ ನನ್ನ ಫೋನು. ರಾತ್ರಿಯ ಹುಡುಗ.

"ಗುಡ್ ಮಾರ್ನಿಂಗ್ ಸಾರ್. ರಾತ್ರಿ ಪಕ್ಕದ ಮಷೀನಿಗೆ ತಪ್ಪಾಗಿ ಕೊಟ್ಟಿದ್ದೆನಲ್ಲ, ಆ ಡಿಸ್ಕು, ಅದನ್ನ ಈಗ ತೆಗೆದುಬಿಟ್ಟೆ ಸಾರ್. ನನ್ನ ಕಡೆಯಿಂದ ಆಯ್ತು."

"ಒಳ್ಳೇದಾಯ್ತಪ್ಪಾ. ಯಾವುದರಿಂದ ತೆಗೆದೆ? ಒಂದು ಸೊನ್ನೆಯಿಂದ ತಾನೇ?"

ಆ ಕಡೆಯಿಂದ ಕೀಬೋರ್ಡಿನ ಸದ್ದು ಕೇಳಿಸಿತು. ಆಮೇಲೆ ಅದೂ ನಿಂತಿತು.